ಕೃಷ್ಣಗಿರಿಯಲ್ಲಿ ಹಾಡುವ ರೇಡಿಯೋ

ಸಾನಮಾವಿನ ರಾಮಕೃಷ್ಣಪ್ಪನ ಕಾರಿನ ರೇಡಿಯೋಗೆ ಒಂದು ವಿಚಿತ್ರ ಕಾಯಿಲೆ ಇತ್ತು. ಕೃಷ್ಣಗಿರಿಯಲ್ಲಿ ಹಾಡುತ್ತಿತ್ತು, ಊರಿಗೆ ಬಂದರೆ ಹಾಡುತ್ತಿರಲಿಲ್ಲ. ಕಾರು ಮಾರಿದ ಏಜೆನ್ಸಿಯ ಅಂಗಳದಲ್ಲಿ ನಿಲ್ಲಿಸಿ ಗುಂಡಿ ತಿರುಗಿಸಿದರೆ ಬೆಂಗಳೂರು ಆಕಾಶವಾಣಿಯವರು ಪಕ್ಕದ ಸೀಟಿನಲ್ಲೇ ಕೂತು ಮಾತಾಡಿದ ಹಾಗೆ ಕೇಳಿಸುತ್ತಿತ್ತು. ಅದೇ ಕಾರನ್ನು ಮನೆಯ ಮುಂದೆ ತಂದು ನಿಲ್ಲಿಸಿದರೆ ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ, ಚಟಪಟ. ಬೆಂಗಳೂರು ಕೃಷ್ಣಗಿರಿಗಿಂತ ಸಾನಮಾವಿಗೇ ಹತ್ತಿರ ಎಂಬುದನ್ನು ನೆನೆದರೆ ಅವನಿಗೆ ಇನ್ನಷ್ಟು ಉರಿಯುತ್ತಿತ್ತು.

ಇದು ಎಂಬತ್ತಮೂರನೇ ಇಸವಿಯ ಮಾತು. ಹೊಸೂರಿನ ಸುತ್ತ ಕಾರ್ಖಾನೆಗಳು ಏಳುತ್ತಿದ್ದ ಕಾಲ. ರಾಮಕೃಷ್ಣಪ್ಪನ ಒಂದು ತುಂಡು ಹೊಲವೂ ಕಾರ್ಖಾನೆಯ ಪಾಲಾಗಿ ಕೈಗೆ ಹಣ ಬಂತು. ಹಣ ಬಂದವರಲ್ಲಿ ಕೆಲವರು ಮನೆ ಕಟ್ಟಿಸಿದರು, ಕೆಲವರು ಮಗಳ ಮದುವೆ ಮಾಡಿದರು. ಇವನು ಎರಡನ್ನೂ ಮೊದಲೇ ಮುಗಿಸಿ ಕೂತಿದ್ದವನು, ಕಾರು ತಂದ. ಊರಿಗೆ ಅದೇ ಮೊದಲನೆಯ ಕಾರು. ಬೂದು ಬಣ್ಣ, ಒಳಗೆ ರೇಡಿಯೋ, ಮುಂದಿನ ಚಕ್ರದ ಮೇಲೆ ಆಳುದ್ದದ ಏರಿಯಲ್ ಕಡ್ಡಿ. ಬಂದ ದಿನ ಊರಿನ ಹಸುಳೆಗಳಿಂದ ಹಿಡಿದು ಹಲ್ಲುದುರಿದವರವರೆಗೆ ಎಲ್ಲರೂ ಅದನ್ನು ಮುಟ್ಟಿ, ತಟ್ಟಿ, ಮೂಸಿ ನೋಡಿದರು.

ಅಷ್ಟು ಕಣ್ಣು ಒಟ್ಟಿಗೆ ಬಿದ್ದದ್ದು ಅವನ ಹೆಂಡತಿ ಪಾರ್ವತಮ್ಮನಿಗೆ ಸರಿಬರಲಿಲ್ಲ. ಅವಳು ಅಂದೇ ಮುನೇಶ್ವರನ ಗುಡಿಯ ಪೂಜಾರಿ ಆವುಲಪ್ಪನ ಬಳಿಗೆ ಹೋಗಿ ಒಂದು ತಾಮ್ರದ ತಗಡು ಮಂತ್ರಿಸಿಕೊಂಡು ತಂದಳು. ಜೊತೆಗೆ ಎರಡು ಮಾರು ತಾಮ್ರದ ತಂತಿ.

"ಗಾಡೀಲಿ ಎಲ್ಲಕ್ಕಿಂತ ಎತ್ರಕ್ಕಿರೋ ಜಾಗಕ್ಕೆ ತಗಡು ಕಟ್ಟಮ್ಮ," ಎಂದಿದ್ದ ಆವುಲಪ್ಪ. "ತಂತಿ ಇಳೀತಾ ಬಂದು ಕಬ್ಬಿಣ ಮುಟ್ಟಿರ್ಬೇಕು. ಮೇಲೆ ಬಿದ್ದ ದೃಷ್ಟಿ ಹಂಗೇ ಕಬ್ಬಿಣದಾಗೆ ಇಳ್ದು ಹೋಯ್ತದೆ."

ಕಾರಿನಲ್ಲಿ ಎಲ್ಲಕ್ಕಿಂತ ಎತ್ತರದ್ದು ಏರಿಯಲ್ ಕಡ್ಡಿ. ಪಾರ್ವತಮ್ಮ ಅದರ ತುದಿಗೆ ತಗಡು ಕಟ್ಟಿ, ತಂತಿಯನ್ನು ಸುತ್ತಿಕೊಂಡೇ ಇಳಿಸಿ, ಬುಡದ ಬೋಲ್ಟಿಗೆ ಭದ್ರವಾಗಿ ಬಿಗಿದಳು. ಓದುಗರಲ್ಲಿ ರೇಡಿಯೋ ರಿಪೇರಿ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಈಗಲೇ ನಗಬೇಡಿ. ಸಾನಮಾವಿನಲ್ಲಿ ಆ ವಿದ್ಯೆ ಬಲ್ಲವರು ಒಬ್ಬರೂ ಇರಲಿಲ್ಲ. ಕಾರಿಗೆ ನಾಲ್ಕು ಚಕ್ರ ಇರುವಷ್ಟೇ ಸಹಜವಾಗಿ ಅದಕ್ಕೊಂದು ತಗಡೂ ಇತ್ತು, ಅಷ್ಟೇ.

ರೇಡಿಯೋ ಗೊರಗುಟ್ಟಿದರೆ ಗೊರಗುಟ್ಟಿಕೊಳ್ಳಲಿ ಎಂದು ರಾಮಕೃಷ್ಣಪ್ಪ ಬಿಟ್ಟುಬಿಡುತ್ತಿದ್ದನೋ ಏನೋ. ಆದರೆ ನವೆಂಬರಿನಲ್ಲಿ ಬೆಂಗಳೂರು ಆಕಾಶವಾಣಿಯಿಂದ ಒಂದು ಕಾಗದ ಬಂತು.

ಪಾರ್ವತಮ್ಮ ಸೋಬಾನೆ ಹಾಡುವುದರಲ್ಲಿ ಸುತ್ತ ಹತ್ತೂರಿಗೆ ಹೆಸರಾದವಳು. ಮತ್ತಿಗಿರಿಯ ಕಡೆಯ ಮದುವೆಗಳಿಗೂ ಅವಳಿಗೆ ಕರೆ ಬರುತ್ತಿತ್ತು. ಆದರೆ ಅವಳ ಹಾಡೆಲ್ಲ ಹೆಂಗಸರ ನಡುವೆ. ಗಂಡನ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಪದವನ್ನು ಅರ್ಧಕ್ಕೇ ನುಂಗಿ "ಕಾಪಿ ಬೇಕಾ?" ಎನ್ನುವಳು. ಮದುವೆಯಾಗಿ ಇಪ್ಪತ್ತಾರು ವರ್ಷ. ಊರವರೆಲ್ಲ ಹೊಗಳುವ ಆ ದನಿಯಲ್ಲಿ ರಾಮಕೃಷ್ಣಪ್ಪ ಸರಿಯಾಗಿ ಕೇಳಿದ್ದು "ಕಾಪಿ ಬೇಕಾ" ಒಂದೇ. ಒಂದು ಸಲ ರಾಗಿ ಬೀಸುವಾಗ ಹಾಡುತ್ತಾಳೆಂದು ಕೊಟ್ಟಿಗೆಯ ಗೋಡೆಯ ಹಿಂದೆ ಅಡಗಿ ನಿಂತಿದ್ದ. ಹೊಟ್ಟಿನ ಮಂಕರಿ ತಂದನೆಂದುಕೊಂಡು ಹಸು ಅಂಬಾ ಎಂದು ಕೂಗಿದ್ದರಿಂದ ಸಿಕ್ಕಿಬಿದ್ದು, ಆ ಸಂಜೆಯೆಲ್ಲ ಬೈಸಿಕೊಂಡ.

ಮತ್ತಿಗಿರಿಯ ಒಂದು ಮದುವೆಗೆ ಬಂದಿದ್ದ ಆಕಾಶವಾಣಿಯ ಅಧಿಕಾರಿಯೊಬ್ಬರು ಅವಳ ಹಾಡು ಕೇಳಿ, ಬೆಂಗಳೂರಿಗೆ ಬಂದು ಹಾಡಿ ಎಂದು ಕರೆದಿದ್ದರು. ಪಾರ್ವತಮ್ಮನನ್ನೂ ಜೊತೆಗೆ ಸೊಲ್ಲು ಹೇಳುವ ನಾಲ್ವರನ್ನೂ ಕಾರಿನಲ್ಲಿ ತುಂಬಿಕೊಂಡು ಹೋದವನು ರಾಮಕೃಷ್ಣಪ್ಪನೇ. ಗೇಟಿನವನು ಹೆಂಗಸರನ್ನು ಒಳಗೆ ಬಿಟ್ಟು ಇವನಿಗೆ ಮಾತ್ರ ಕೈ ಅಡ್ಡ ಹಿಡಿದ.

"ಡ್ರೈವರುಗಳೆಲ್ಲ ಆ ಮರದ ಕೆಳಗೆ," ಎಂದ.

ಮರದ ಕೆಳಗೆ ಕೂತು ಬುತ್ತಿಯ ಚಿತ್ರಾನ್ನ ತಿಂದು ಬಂದ. ಒಳಗೆ ಹಾಡಿದವರಿಗೂ ಹಾಡನ್ನು ಹಿಂತಿರುಗಿ ಕೇಳಿಸಿರಲಿಲ್ಲ. ಧ್ವನಿಮುದ್ರಣದ ಕೆಂಪು ದೀಪ ಆರಿದ ಕೂಡಲೇ ಕೈಮುಗಿದು ಕಳಿಸಿಬಿಟ್ಟಿದ್ದರು. ಈಗ ಕಾಗದ ಹೇಳುತ್ತಿತ್ತು: ಡಿಸೆಂಬರ್ ತಿಂಗಳ ಮೂರನೆಯ ಗುರುವಾರ, ಸಂಜೆ ಆರೂ ಮುಕ್ಕಾಲಿಗೆ ಪ್ರಸಾರ.

ರಾಮಕೃಷ್ಣಪ್ಪ ಆ ಕಾಗದವನ್ನು ಹಿಡಿದು ಊರೆಲ್ಲ ಸುತ್ತಿದ. "ನಮ್ಮ ಕಾರಿನ ರೇಡಿಯೋದಾಗೇ ಕೇಳಾಣ. ಎಲ್ರೂ ಬರ್ರಿ, ಮಂಡಕ್ಕಿ ಬೋಂಡ ಮಾಡಿಸ್ತೀನಿ," ಎಂದು ಸಾರಿದ. ಅವನ ಮನಸ್ಸಿನಲ್ಲಿದ್ದದ್ದು ಮಾತ್ರ ಒಂದೇ: ರೇಡಿಯೋದಲ್ಲಿ ಹಾಡುವ ಪಾರ್ವತಮ್ಮ ನಡುವೆ ನಿಲ್ಲಿಸಿ ಕಾಫಿ ಬೇಕೇ ಎಂದು ಕೇಳಲಾರಳು. ಮೊದಲಿಂದ ಕೊನೆಯವರೆಗೆ ಕೇಳಬಹುದು. ಅದಕ್ಕಾಗಿ ಅವನ ಜೀವ ಹಾತೊರೆಯುತ್ತಿತ್ತು. ಬಾಯಿ ಬಿಟ್ಟು ಹೇಳಲು ಮಾತ್ರ ನಾಚಿಕೆ.

ಊರಿನಲ್ಲಿ ಬೇರೆ ರೇಡಿಯೋ ಇರಲಿಲ್ಲವೇ ಎಂದರೆ, ಐದಾರು ಟ್ರಾನ್ಸಿಸ್ಟರ್ ಇದ್ದವು. ಆದರೆ ರಾಗಿ ತೆನೆ ಬಲಿತ ಮೇಲೆ ಸಾನಮಾವಿನ ಕಾಡಿನಿಂದ ಆನೆಗಳು ಹೊಲಕ್ಕೆ ಇಳಿಯುತ್ತವೆ. ಆಗ ಊರಿನಲ್ಲಿರುವ ಸೆಲ್ಲುಗಳೆಲ್ಲ ಟ್ರಾನ್ಸಿಸ್ಟರಿನ ಹೊಟ್ಟೆಯಿಂದ ಟಾರ್ಚಿನ ಹೊಟ್ಟೆಗೆ ಹೋಗುತ್ತವೆ. ಕೊಯ್ಲು ಮುಗಿಯುವವರೆಗೆ ಸಾನಮಾವಿನಲ್ಲಿ ವಾರ್ತೆಯೂ ಇಲ್ಲ, ಹಾಡೂ ಇಲ್ಲ. ಪಂಚಾಯಿತಿಯ ರೇಡಿಯೋ ಒಂದಿತ್ತು. ಅದರ ಕೋಣೆಯ ಬೀಗದ ಕೈ ಇಟ್ಟುಕೊಂಡ ಗುಮಾಸ್ತ ಐದು ಗಂಟೆಯ ಬಸ್ಸಿಗೆ ಶೂಲಗಿರಿಗೆ ಹೊರಟುಹೋಗುತ್ತಿದ್ದ. ಉಳಿದದ್ದು ಕಾರಿನ ಬ್ಯಾಟರಿಯಿಂದ ನಡೆಯುವ ಈ ರೇಡಿಯೋ ಮಾತ್ರ.

ಹೀಗೆ ರಾಮಕೃಷ್ಣಪ್ಪ ಏಜೆನ್ಸಿಯ ಮೆಟ್ಟಿಲು ಹತ್ತಿದ.

ಏಜೆನ್ಸಿಯೆಂದರೆ ಸುಮ್ಮನೆ ಅಲ್ಲ. ಗಾಜಿನ ಕೋಣೆ, ಟೈ ಕಟ್ಟಿದ ಮ್ಯಾನೇಜರು, ಟೋಕನ್, ಬೆಂಚು. ದೂರನ್ನು ಬಾಯಲ್ಲಿ ಹೇಳುವಂತಿಲ್ಲ; ಜಾಬ್ ಕಾರ್ಡಿನಲ್ಲಿ ಬರೆಸಬೇಕು. ಕಾರ್ಡಿನಲ್ಲಿ ಇಂಜಿನ್, ಬ್ರೇಕ್, ಕ್ಲಚ್ ಎಂದು ಒಂದೊಂದಕ್ಕೂ ಒಂದು ಖಾನೆ. ರೇಡಿಯೋಗೆ ಖಾನೆ ಇರಲಿಲ್ಲ. ಮ್ಯಾನೇಜರು ಬಹಳ ಹೊತ್ತು ಯೋಚಿಸಿ ಅದನ್ನು 'ಇತರೆ' ಎಂಬಲ್ಲಿ ಸೇರಿಸಿದರು.

"ಇತರೆಗೆ ಗುರುವಾರ ವಾಂಗೋ ಸಾರ್," ಎಂದು ತಮಿಳು ಕನ್ನಡ ಬೆರೆಸಿ ಹೇಳಿದರು. "ರೇಡಿಯೋ ಮೆಕ್ಯಾನಿಕ್ ಗುರುವಾರ ಮಾತ್ರ ಬರ್ತಾರೆ."

ಆ ದಿನ ರಿಪೇರಿಯ ಬದಲು ಕಾರು ತೊಳೆದು ಕಳಿಸಿದರು. ತೊಳೆಯುವವರು ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿ ಕಿತ್ತು ಬಿಸಾಡಿ, ತಗಡು ತಂತಿಯನ್ನು ಬಿಚ್ಚಿ, ಹಳೆಯ ತಮಿಳು ಪೇಪರಿನಲ್ಲಿ ಸುತ್ತಿ ಹಿಂದಿನ ಸೀಟಿನಲ್ಲಿ ಎಸೆದಿದ್ದರು. ದಾರಿಯುದ್ದಕ್ಕೂ ರೇಡಿಯೋ ಹಾಡಿತು. ತೊಳೆದದ್ದಕ್ಕೇ ಸರಿಹೋಯಿತೆಂದು ರಾಮಕೃಷ್ಣಪ್ಪ ಸ್ಟೇರಿಂಗಿನ ಮೇಲೆ ತಾಳ ಹಾಕಿಕೊಂಡು ಬಂದ. ಮನೆಯಲ್ಲಿ ಪಾರ್ವತಮ್ಮ ಪೇಪರ್ ಬಿಚ್ಚಿ ನೋಡಿದಳು. ತಗಡಿನ ಮೇಲೆ ಗ್ರೀಸ್ ಮೆತ್ತಿದ ಹೆಬ್ಬೆರಳಿನ ಗುರುತು.

"ಮಂತ್ರಿಸಿದ್ದನ್ನ ಗ್ರೀಸ್ ಕೈಯಾಗೆ ಮುಟ್ಟವ್ರೆ! ಇನ್ಮೇಲೆ ಅಲ್ಲಿಗೋಗೋವಾಗೆಲ್ಲ ನಾನೇ ಬಿಚ್ಚಿ ದೇವ್ರ ಮನೇಲಿ ಇಡ್ತೀನಿ. ಬಂದ್ಮೇಲೆ ಕಟ್ತೀನಿ," ಎಂದು, ಹಾಲಿನಲ್ಲಿ ತೊಳೆದು ಮತ್ತೆ ಏರಿಯಲ್ ಕಡ್ಡಿಗೆ ಬಿಗಿದಳು. ಸಂಜೆ ರೇಡಿಯೋ ಹಾಕಿದರೆ ಚಟಪಟ.

ಗುರುವಾರ ಹೋದ. ರೇಡಿಯೋ ಮೆಕ್ಯಾನಿಕ್ ಚನ್ನಕೇಶವ ನಲವತ್ತು ದಾಟಿದ, ದಪ್ಪ ಕನ್ನಡಕದ, ಮಿತಭಾಷಿ ಮನುಷ್ಯ. ಧರ್ಮಪುರಿಯಲ್ಲಿ ಸ್ವಂತ ಅಂಗಡಿ, ಹುಟ್ಟೂರು ಬೇರಿಕೆ. ತನ್ನ ಕೈಗೆ ಬಂದ ರೇಡಿಯೋ ಒಂದೂ ಮೂಕಾಗಿ ಹಿಂದೆ ಹೋಗಿಲ್ಲ ಎಂಬುದು ಅವನ ಜೀವನದ ಹೆಮ್ಮೆ. ಅವನು ಗುಂಡಿ ತಿರುಗಿಸಿದ. ಕಾರಿನ ಒಳಗಿಂದ ಪಿಟೀಲು ಕಛೇರಿ ತೇಲಿ ಬಂತು.

"ನಲ್ಲಾ ಪಾಡುದೇ ಸಾರ್!" ಎಂದರು ಮ್ಯಾನೇಜರು, ಇಷ್ಟು ಚೆನ್ನಾಗಿ ಹಾಡುವುದಕ್ಕೆ ದೂರೇಕೆ ಎಂಬಂತೆ. ಕಾರ್ಡಿನಲ್ಲಿ 'ದೋಷ ಕಂಡುಬಂದಿಲ್ಲ' ಎಂದು ಬಿತ್ತು.

ಮರುವಾರ ಸಾಕ್ಷಿಗೆಂದು ಬಾಮೈದ ಸೊಣ್ಣಪ್ಪನನ್ನು ಕರೆದುಕೊಂಡು ಹೋದ. ಸೊಣ್ಣಪ್ಪ ಹೊಸೂರಿನ ಲಾರಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು; ಮೆಷಿನ್ನುಗಳ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತು ಬಲ್ಲವನು. ಹಿಂದಿನ ಸಂಜೆ ಊರಿನಲ್ಲಿ ರೇಡಿಯೋ ಗೊರಗುಟ್ಟಿದ್ದನ್ನು ಕಿವಿಯಾರೆ ಕೇಳಿದ್ದ. ಏಜೆನ್ಸಿಯಲ್ಲಿ ಅದು ಎಳ್ಳಷ್ಟೂ ತಕರಾರಿಲ್ಲದೆ ಹಾಡಿತು. ಎಲ್ಲರೂ ಸಾಕ್ಷಿಯ ಮುಖ ನೋಡಿದರು.

"ಭಾವ," ಎಂದ ಸೊಣ್ಣಪ್ಪ ಹುಳ್ಳಗೆ ನಗುತ್ತ, "ನಿನ್ನೆ ನಾನು ನೈಟ್ ಶಿಫ್ಟ್ ಮುಗಿಸ್ಕಂಡು ಬಂದಿದ್ನಲ್ಲ... ನನ್ ತಲೇಲೇ ಸವಂಡ್ ಬತ್ತಿತ್ತೇನೋ."

ರಾಮಕೃಷ್ಣಪ್ಪ ಅವನನ್ನು ನುಂಗುವಂತೆ ನೋಡಿದ. ಮ್ಯಾನೇಜರು ಮಾತ್ರ ಬಹಳ ಮರ್ಯಾದೆಯಿಂದ, ಬಸ್ ಸ್ಟ್ಯಾಂಡಿನ ಎದುರಿಗೆ ಒಳ್ಳೆಯ ಕಿವಿ ಡಾಕ್ಟರೊಬ್ಬರಿದ್ದಾರೆ, ವಯಸ್ಸಾದ ಮೇಲೆ ಒಮ್ಮೆ ತೋರಿಸಿಕೊಳ್ಳುವುದು ಒಳ್ಳೆಯದು ಎಂದರು. ಸಿಟ್ಟಿನಲ್ಲೇ ರಾಮಕೃಷ್ಣಪ್ಪ ಹೋಗಿ ತೋರಿಸಿಕೊಂಡ. ಡಾಕ್ಟರು ಎರಡೂ ಕಿವಿಯಿಂದ ಬೇಕಾದಷ್ಟು ಗುಗ್ಗೆ ತೆಗೆದರು. ಆ ಸಂಜೆ ಊರಿನಲ್ಲಿ ರೇಡಿಯೋದ ಗೊರಗೊರ ಹಿಂದೆಂದಿಗಿಂತ ಚೆನ್ನಾಗಿ ಕೇಳಿಸಿತು.

ಅಷ್ಟರಲ್ಲಿ ಅವನು ಒಂದು ಸಂಗತಿ ಗಮನಿಸಿದ್ದ. ಹೊಸೂರಿನ ಕಡೆ ಹೋದರೆ ರೇಡಿಯೋ ಗೊರಗುಟ್ಟುತ್ತದೆ. ಸಂತೆಗೆ ಹೋದರೆ, ನೆಂಟರ ಮನೆಗೆ ಹೋದರೆ ಗೊರಗುಟ್ಟುತ್ತದೆ. ಏಜೆನ್ಸಿಗೆಂದು ಕೃಷ್ಣಗಿರಿಯ ದಾರಿ ಹಿಡಿದರೆ ಮಾತ್ರ ಊರ ಬಾಗಿಲು ದಾಟುವ ಮೊದಲೇ ಹಾಡತೊಡಗುತ್ತದೆ. ಇದನ್ನು ಪಕ್ಕದ ಹೊಲದ ಬಚ್ಚಪ್ಪನಿಗೆ ಹೇಳಿ ಕೆಟ್ಟ.

"ಲೋ ರಾಮಕೃಷ್ಣ, ನಿನ್ ರೇಡಿಯೋ ಹೊಸ ಸೊಸೆ ಇದ್ದಂಗೈತೆ ಕಣ್ಲಾ," ಎಂದ ಬಚ್ಚಪ್ಪ. "ತೌರು ಮನೆ ದಾರಿ ಹಿಡಿದ್ರೆ ನಗ್ತದೆ, ಗಂಡನ ಮನೆಗೆ ಬಂದ್ರೆ ಮಕ ಊದಿಸ್ಕಂತದೆ."

ಈ ಮಾತು ಊರೆಲ್ಲ ಹಬ್ಬಿತು. ರಾಮಕೃಷ್ಣಪ್ಪ ಕಾರು ಹೊರಡಿಸಿದರೆ ಸಾಕು, ಜಗಲಿಯ ಮೇಲೆ ಕೂತವರು "ತೌರಿಗಾ?" ಎಂದು ಕೇಳತೊಡಗಿದರು. ಕಾರ್ಖಾನೆಯ ಕರೆಂಟು ರೇಡಿಯೋದ ಅಲೆಯನ್ನೆಲ್ಲ ಎಳೆದುಕೊಳ್ಳುತ್ತದೆ ಎಂದು ಒಬ್ಬ, ಕಾಡಿನ ಗಾಳಿ ತಡೆಯುತ್ತದೆ ಎಂದು ಇನ್ನೊಬ್ಬ. ಪಾರ್ವತಮ್ಮ ಊರಿಗೆ ಊರೇ ಗಂಡನನ್ನು ಹಾಸ್ಯ ಮಾಡುವುದು ಕಂಡು, ಇದೂ ದೃಷ್ಟಿಯೇ ಇರಬೇಕೆಂದು ತಂತಿಯನ್ನು ಇನ್ನೆರಡು ಸುತ್ತು ಬಿಗಿದಳು.

ಪ್ರಸಾರದ ದಿನವಾದ ಮೂರನೆಯ ಗುರುವಾರ ಬಂತು. ಬೆಳಿಗ್ಗೆ ಪಾರ್ವತಮ್ಮ ತಗಡು ಬಿಚ್ಚಿ ದೇವರ ಮನೆಯಲ್ಲಿಟ್ಟಳು. ರಾಮಕೃಷ್ಣಪ್ಪ ಏಜೆನ್ಸಿಗೆ ಹೋಗಿ ಬೆಂಚಿನ ಮೇಲೆ ಕೂರದೆ ನೇರ ಗಾಜಿನ ಕೋಣೆಗೆ ನುಗ್ಗಿದ.

"ಇವತ್ತು ನಿಮ್ಮೋರು ಒಬ್ರು ನನ್ನ ಜತೆ ನಮ್ಮೂರಿಗೆ ಬರ್ಬೇಕು. ಬರೋವರ್ಗೂ ಈ ಬಾಗ್ಲಾಗೇ ಮಲಗ್ತೀನಿ," ಎಂದು ಟವೆಲ್ಲು ಹಾಸಿಯೇಬಿಟ್ಟ.

ಮ್ಯಾನೇಜರು ಗಾಬರಿಯಾದರು. ಚನ್ನಕೇಶವ ತಾನಾಗಿಯೇ ತನ್ನ ಚರ್ಮದ ಚೀಲ ಎತ್ತಿಕೊಂಡ. 'ದೋಷ ಕಂಡುಬಂದಿಲ್ಲ' ಎಂದು ಮತ್ತೆ ಮತ್ತೆ ಬರೆದದ್ದು ಅವನ ಮನಸ್ಸಿಗೂ ಮುಳ್ಳಾಗಿತ್ತು. ಕೃಷ್ಣಗಿರಿಯಿಂದ ಶೂಲಗಿರಿಯವರೆಗೂ, ಅಲ್ಲಿಂದ ಸಾನಮಾವಿನವರೆಗೂ ರೇಡಿಯೋ ಒಂದು ಕ್ಷಣವೂ ತೊದಲಲಿಲ್ಲ. ಮನೆಯ ಮುಂದೆ ನಿಂತ ಮೇಲೂ ಹಾಡಿತು.

"ಈಗೇನಂತೀರಿ ಯಜಮಾನ್ರೇ?" ಎಂದ ಚನ್ನಕೇಶವ.

ರಾಮಕೃಷ್ಣಪ್ಪ ಬೆಪ್ಪಾಗಿ ನಿಂತ. ಸರಿಹೋಗಿದ್ದರೆ ಸಂತೋಷ ಪಡಬೇಕೋ, ಇಷ್ಟು ದಿನ ತಾನು ಹುಚ್ಚನಾಗಿದ್ದೆನೆಂದು ಒಪ್ಪಬೇಕೋ ತಿಳಿಯಲಿಲ್ಲ. ಇಬ್ಬರೂ ಒಳಗೆ ಹೋಗಿ ಊಟಕ್ಕೆ ಕೂತರು. ಮುದ್ದೆ, ಹುರುಳಿ ಸಾರು. ಉಂಡು, ಎಲೆ ಅಡಿಕೆ ಹಾಕಿಕೊಂಡು, ಒಂದು ಗಳಿಗೆ ಅಡ್ಡಾಗಿ ಎದ್ದು ಹೊರಗೆ ಬರುವಾಗ ಐದೂವರೆ. ಊರವರು ಆಗಲೇ ಚಾಪೆ, ಗೋಣಿಚೀಲ ಹಿಡಿದುಕೊಂಡು ಬಂದು ಕಾರಿನ ಸುತ್ತ ಕೂರತೊಡಗಿದ್ದರು. ಇನ್ನೊಮ್ಮೆ ನೋಡೋಣವೆಂದು ಚನ್ನಕೇಶವ ಗುಂಡಿ ತಿರುಗಿಸಿದ.

ಚಟಪಟ, ಚಟಪಟ.

ಅವನ ಮುಖ ಬಿಳಚಿಕೊಂಡಿತು. ರಾಮಕೃಷ್ಣಪ್ಪ ಮಾತ್ರ ಕುಣಿದಾಡಿದ. "ಕೇಳ್ರಿ! ಕೇಳ್ರಿ! ನನ್ ಕಿವಿ ಚೆನ್ನಾಗೈತೆ! ಸೊಣ್ಣಪ್ಪನ ತಲೇನೂ ಚೆನ್ನಾಗೈತೆ!" ಎಂದು ಕೂಗಿ, ಆ ಗೊರಗೊರವನ್ನು ಇನ್ನಷ್ಟು ಜೋರು ಮಾಡಿ ಬಚ್ಚಪ್ಪನಿಗೆ ಕೇಳಿಸಿದ. ಬಳಿಕ ಸಂಜೆಯ ಕಾರ್ಯಕ್ರಮ ನೆನಪಾಗಿ, ಚನ್ನಕೇಶವನ ಚೀಲವನ್ನು ತಾನೇ ತಂದು ಅವನ ಮುಂದಿಟ್ಟ.

ಚನ್ನಕೇಶವ ಚೀಲ ಬಿಚ್ಚಿದ. ರೇಡಿಯೋ ಹೊರಗೆ ಬಂತು, ತಂತಿಗಳು ಕರುಳಿನಂತೆ ಜೋತಾಡಿದವು. ಫ್ಯೂಸ್ ನೋಡಿದ, ಸ್ಪೀಕರ್ ನೋಡಿದ, ಬ್ಯಾಟರಿ ನೋಡಿದ. ಒಂದೊಂದು ಸ್ಕ್ರೂ ತೆಗೆದಾಗಲೂ ಊರಿನ ಹತ್ತು ತಲೆ ಒಳಗೆ ಬಗ್ಗಿ ಬೆಳಕಿಗೆ ಅಡ್ಡವಾಗುತ್ತಿದ್ದವು. ಆರು ಗಂಟೆ ಆಯಿತು. ಪಾರ್ವತಮ್ಮ ರೇಷ್ಮೆ ಸೀರೆ ಉಟ್ಟು, ಕನಕಾಂಬರ ಮುಡಿದು, ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದಳು. ದೀಪ ಹಚ್ಚಿ ಬಂದಿದ್ದಳು. ಆರೂ ಇಪ್ಪತ್ತಾಯಿತು. ಎಲ್ಲವನ್ನೂ ಮೊದಲಿನ ಹಾಗೆ ಜೋಡಿಸಿ ಗುಂಡಿ ತಿರುಗಿಸಿದರೆ ಅದೇ ಚಟಪಟ. ಚನ್ನಕೇಶವ ಕನ್ನಡಕ ತೆಗೆದು ಬೆವರೊರೆಸಿಕೊಂಡು ಆಕಾಶ ನೋಡಿದ. ಏರಿಯಲ್ಲನ್ನು ಏಜೆನ್ಸಿಯಲ್ಲಿ ಸಾಕಷ್ಟು ಸಲ ಪರೀಕ್ಷಿಸಿದ್ದರಿಂದ ಅದರ ಕಡೆಗೆ ಅವನು ತಿರುಗಿಯೂ ನೋಡಿರಲಿಲ್ಲ. ಈಗ ಅವನ ಕಣ್ಣಿಗೆ ಕಡ್ಡಿಯ ತುದಿಯಲ್ಲಿ ಏನೋ ಹೊಳೆದದ್ದು ಕಂಡಿತು.

"ಅಮ್ಮಾ," ಎಂದ ಮೆಲ್ಲಗೆ, "ಇದು ಏನಮ್ಮಾ?"

"ಕಾರಿನ ತಗಡು," ಎಂದಳು ಪಾರ್ವತಮ್ಮ, ಇಷ್ಟೂ ತಿಳಿಯದೇ ಎಂಬಂತೆ.

"ಇದು ಏಜೆನ್ಸೀಲಿ ಇರ್ಲಿಲ್ವಲ್ಲ?"

"ಅಲ್ಲಿ ಗ್ರೀಸ್ ಕೈಯಾಗೆ ಮುಟ್ತೀರಲ್ಲ, ಅದ್ಕೆ ಬಿಚ್ಚಿ ಕಳಿಸ್ತೀನಿ. ನೀವು ಉಣ್ಣೋವಾಗ ಮತ್ತೆ ಕಟ್ದೆ."

ಚನ್ನಕೇಶವ ತುದಿಯಿಂದ ಬುಡದ ಬೋಲ್ಟಿನವರೆಗೆ ತಂತಿಯ ಮೇಲೆ ಬೆರಳಾಡಿಸಿದ. ಆಮೇಲೆ ಎಲ್ಲರಿಗೂ ತಿಳಿಯುವ ಹಾಗೆ ಹೇಳಿದ: ಕಡ್ಡಿ ಹಿಡಿದ ಹಾಡು ರೇಡಿಯೋಗೆ ಹೋಗಬೇಕು, ತಾಮ್ರದ ತಂತಿ ಅದನ್ನು ನಡುದಾರಿಯಲ್ಲೇ ಹಿಡಿದು ಕಾರಿನ ಮೈಗೆ, ಕಬ್ಬಿಣಕ್ಕೆ ಇಳಿಸಿಬಿಡುತ್ತಿದೆ. ಜನರ ನಡುವೆ ಕೂತಿದ್ದ ಪೂಜಾರಿ ಆವುಲಪ್ಪ ತಲೆದೂಗಿದ. ತನ್ನ ತಗಡು ಹೇಳಿದ ಕೆಲಸವನ್ನು ಅಷ್ಟು ಚಾಚೂ ತಪ್ಪದೆ ಮಾಡುತ್ತಿದೆಯೆಂದು ಅವನಿಗೆ ಒಳಗೊಳಗೇ ಹಿಗ್ಗು.

"ಬಿಚ್ಚೇ ಪಾರ್ವತಿ, ಬೇಗ!" ಎಂದ ರಾಮಕೃಷ್ಣಪ್ಪ.

"ಇವತ್ತಾ?" ಪಾರ್ವತಮ್ಮ ಕಾರಿಗೆ ಅಡ್ಡ ಬಂದು ನಿಂತಳು. "ಊರಿಗೂರೇ ಬಂದು ಕುಂತೈತೆ ನನ್ ದನಿ ಕೇಳಾಕೆ. ದೃಷ್ಟಿ ಬೀಳಾದಾದ್ರೆ ಇವತ್ತೇ ಬೀಳ್ಬೇಕು. ದೀಪ ಹಚ್ಚಾದ್ಮೇಲೆ ಬೇರೆ! ನಾ ಬಿಚ್ಚಾಕಿಲ್ಲ."

ಆರೂವರೆ. ಬೋಂಡ ತಿನ್ನುತ್ತಿದ್ದವರೆಲ್ಲ ತಿನ್ನುವುದನ್ನು ನಿಲ್ಲಿಸಿದರು. ಎಲ್ಲರೂ ಆವುಲಪ್ಪನ ಕಡೆ ತಿರುಗಿದರು. ಆವುಲಪ್ಪ ಕಣ್ಣು ಮುಚ್ಚಿ, ತೆರೆದು, ತೀರ್ಪು ಕೊಟ್ಟ.

"ಬಿಚ್ಬೌದು. ಆದ್ರೆ ದೀಪ ಹಚ್ಚಾದ್ಮೇಲೆ ನೆಲಕ್ಕಿಡಂಗಿಲ್ಲ, ಒಳೀಕೆ ಒಯ್ಯಂಗಿಲ್ಲ. ಮನೆಯೋರೇ ಒಬ್ರು ಕೈಯಾಗೆ ಹಿಡ್ಕಂಡು, ಕಾರಿಗಿಂತ ಎತ್ರದಾಗೆ, ಕಬ್ಬಿಣದ ಮೇಲೆ ನಿಂತಿರ್ಬೇಕು."

ಇದು ಶಾಸ್ತ್ರದಲ್ಲಿತ್ತೋ ಅಥವಾ ಬೋಂಡ ಅಗಿಯುವಾಗ ಹೊಳೆಯಿತೋ, ಮುನೇಶ್ವರನೇ ಬಲ್ಲ. ಕಾರಿನ ತಲೆಯ ಮೇಲೆಯೇ ನಿಂತರಾಯಿತು ಎಂದು ಯಾರೋ ಹೇಳಿದರು. "ಕಾರಿನ ಹತ್ರ ಮಾತ್ರ ಬೇಡ!" ಎಂದು ಚನ್ನಕೇಶವ ಚೀರಿದ, ಆ ತಗಡಿನ ಮೇಲೆ ಅವನಿಗೆ ಅಷ್ಟು ಭಯ ಹುಟ್ಟಿತ್ತು. ಕಾರಿಗಿಂತ ಎತ್ತರದ ಕಬ್ಬಿಣವೆಂದರೆ ಊರಿನಲ್ಲಿ ಒಂದೇ: ಒಂದು ಫರ್ಲಾಂಗು ದೂರದಲ್ಲಿದ್ದ ರಾಮಕೃಷ್ಣಪ್ಪನ ಪಂಪ್‌ಸೆಟ್ಟಿನ ಮನೆ, ಅದರ ಮೇಲೆ ಹೊದಿಸಿದ ಕಬ್ಬಿಣದ ಶೀಟು. ಮನೆಯವರೆಂದರೆ ಇಬ್ಬರೇ. ಮಗಳು ಗಂಡನ ಮನೆಯಲ್ಲಿದ್ದಳು.

ಪಾರ್ವತಮ್ಮ ತಾನೇ ತಂತಿ ಬಿಚ್ಚಿ ತಗಡನ್ನು ಕೈಗೆ ತೆಗೆದುಕೊಂಡಳು. "ನಾನೇ ಹೋಗಿ ನಿಂತ್ಕಂತೀನಿ. ನೀವು ಕೂತ್ಕಂಡು ಕೇಳಿ. ಇದ್ಕಾಗಿ ಎಷ್ಟು ಸಲ ಓಡಾಡಿದ್ರಿ," ಎಂದಳು.

ರಾಮಕೃಷ್ಣಪ್ಪ ಒಪ್ಪಿಬಿಡುತ್ತಿದ್ದ. ಸುಳ್ಳು ಹೇಳಬಾರದು, ಒಂದು ಕ್ಷಣ ಅವನ ನಾಲಿಗೆಯ ತುದಿಗೆ 'ಹೂಂ' ಬಂದಿತ್ತು. ಅಷ್ಟರಲ್ಲಿ ಅವಳು ಹೊರಡುವ ಮುನ್ನ ಒಮ್ಮೆ ತಿರುಗಿ ರೇಡಿಯೋದ ಕಡೆ ನೋಡಿದಳು. ಆ ನೋಟ ಕಂಡು ಅವನು ಬಂದ 'ಹೂಂ' ಅನ್ನು ನುಂಗಿಕೊಂಡ.

"ಕೊಡು ಇತ್ಲಾಗೆ," ಎಂದು ತಗಡನ್ನು ಕಸಿದುಕೊಂಡ. "ನಿನ್ ದನೀನ ಊರೆಲ್ಲ ಕೇಳೈತೆ, ನೀನೊಬ್ಳೇ ಕೇಳಿಲ್ಲ. ಹೋಗಿ ಮುಂದ್ಗಡೆ ಸೀಟಾಗೆ ಕೂತ್ಕ."

ಪಂಚೆ ಎತ್ತಿ ಕಟ್ಟಿ, ಐವತ್ತೈದರ ವಯಸ್ಸಿನಲ್ಲಿ, ರಾಗಿ ಕೂಳೆಗಳ ನಡುವೆ ಓಡಿದ. ಪಂಪ್‌ಸೆಟ್ಟಿನ ಮನೆಯ ಗೋಡೆ ಹತ್ತುವಾಗ ಮೊಣಕಾಲು ತರಚಿತು. ಶೀಟಿನ ಮೇಲೆ ನಿಂತು ತಗಡನ್ನು ತಲೆಯ ಮೇಲೆ ಎತ್ತಿ ಹಿಡಿದ.

ಅಲ್ಲಿಂದ ಕಾರಿನೊಳಗಿನ ಸಣ್ಣ ದೀಪ ಕಾಣುತ್ತಿತ್ತು. ಅದರ ಸುತ್ತ ಜನ. ಮೊದಲು ಅವರೆಲ್ಲ ಅಲುಗಾಡುತ್ತಿದ್ದರು; ಇದ್ದಕ್ಕಿದ್ದ ಹಾಗೆ ಒಬ್ಬರೂ ಅಲುಗಾಡದಾದರು. ಹಾಡು ಬಂತೆಂದು ಅವನಿಗೆ ಅದರಿಂದಲೇ ತಿಳಿಯಿತು. ಕಿವಿ ನಿಮಿರಿಸಿದ. ಡಾಕ್ಟರು ಶುದ್ಧ ಮಾಡಿದ ಎರಡು ಕಿವಿಗೂ ಕೇಳಿಸಿದ್ದು ದೂರದ ಹೊಲದಲ್ಲಿ ಆನೆ ಓಡಿಸುವವರು ಡಬ್ಬ ಬಡಿಯುವ ಸದ್ದು ಮಾತ್ರ. ಕಾಲು ಬದಲಿಸಿದರೆ ಶೀಟು ಧಡಾರೆನ್ನುತ್ತಿತ್ತು, ಅದಕ್ಕೇ ಕಾಲನ್ನೂ ಅಲುಗಿಸಲಿಲ್ಲ. ಗಾಳಿ ಒಮ್ಮೆ ಈ ಕಡೆ ತಿರುಗಿದಾಗ ಒಂದು ಎಳೆ ದನಿ ಬಂದ ಹಾಗಾಯಿತು; ಬಂತೋ, ತನ್ನ ಆಸೆಯೋ. ಹೆಂಡತಿಯ ಹಾಡು ಊರಿಗೆಲ್ಲ ಸಿಕ್ಕು ತನಗೊಬ್ಬನಿಗೆ ಸಿಗಲಿಲ್ಲವಲ್ಲ ಎಂದು ಸಂಕಟವಾಯಿತು. ಅವಳು ಕೇಳುತ್ತಿದ್ದಾಳೆಂದು ಸಂತೋಷವೂ ಆಯಿತು. ಕೈ ಮರಗಟ್ಟಿದರೂ ಇಳಿಸಲಿಲ್ಲ.

ಕಾಲು ಗಂಟೆಯ ಮೇಲೆ ಯಾರೋ ಟಾರ್ಚ್ ಆಡಿಸಿದರು. ಅವನು ಇಳಿದು ಬರುವಷ್ಟರಲ್ಲಿ ಬಚ್ಚಪ್ಪ ದಾರಿಗೇ ಎದುರು ಬಂದ. ಹಾಸ್ಯ ಮಾಡಲು ಬಾಯಿ ತೆರೆದವನು ಮಾಡಲಿಲ್ಲ. "ಚಳಿ ಕಣ್ಲಾ," ಎಂದು ಮೂಗು ಒರೆಸಿಕೊಂಡು ಹೋಗಿಬಿಟ್ಟ. ಚನ್ನಕೇಶವ ಅವನ ಕೈ ಹಿಡಿದು, "ಪಕ್ಕದಾಗೆ ಕೂತು ಹಾಡ್ದಂಗಿತ್ತು ಯಜಮಾನ್ರೇ, ಒಂದ್ ಚೂರು ಗೊರಗೊರ ಇಲ್ಲ," ಎಂದ. ಊಟಕ್ಕೆ ಕೂತಾಗ ರಾಮಕೃಷ್ಣಪ್ಪ ಪಾರ್ವತಮ್ಮನನ್ನು ಕೇಳಿದ.

"ಹೆಂಗಿತ್ತು?"

"ಪರ್ವಾಗಿಲ್ಲ," ಎಂದಳು. "ಸಾರು ಹಾಕ್ಲಾ?"

ಮರುದಿನ ಬೆಳಿಗ್ಗೆ ಚನ್ನಕೇಶವನನ್ನು ಕೃಷ್ಣಗಿರಿಗೆ ಬಿಡಲು ಹೊರಟರು. ತಗಡನ್ನು ಕಾರಿನ ಯಾವ ಭಾಗಕ್ಕೆ ಕಟ್ಟಬೇಕೆಂದು ಆವುಲಪ್ಪ ಇನ್ನೂ ಯೋಚಿಸುತ್ತಿದ್ದ. ಅಲ್ಲಿಯವರೆಗೆ ಮನೆಯವರ ಕೈಯಲ್ಲೇ ಇರಲಿ ಎಂದು ಪಾರ್ವತಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಜೊತೆಗೆ ಬಂದಳು. ಏಜೆನ್ಸಿಯಲ್ಲಿ ಮ್ಯಾನೇಜರು ಜಾಬ್ ಕಾರ್ಡ್ ಮುಂದೆ ಹಿಡಿದರು. ಚನ್ನಕೇಶವ ಪೆನ್ನಿನ ತುದಿ ಕಚ್ಚಿಕೊಂಡು ಪಾರ್ವತಮ್ಮನ ಮುಖ ನೋಡಿ, 'ಇತರೆ' ಖಾನೆಯಲ್ಲಿ 'ದೋಷ ಕಂಡುಬಂತು. ಸರಿಪಡಿಸಲಾಗಿದೆ' ಎಂದಷ್ಟೇ ಬರೆದ. ಯಾವ ದೋಷ ಎಂದು ಮ್ಯಾನೇಜರು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ಹಿಂದಿರುಗುವಾಗ ಕಾರಿನಲ್ಲಿ ಗಂಡ ಹೆಂಡತಿ ಇಬ್ಬರೇ. ರೇಡಿಯೋದಲ್ಲಿ ಯಾರೋ ಟೊಮ್ಯಾಟೊ ಗಿಡಕ್ಕೆ ಔಷಧಿ ಹೊಡೆಯುವ ಕ್ರಮವನ್ನು ವಿವರಿಸುತ್ತಿದ್ದರು. ಒಂದೊಂದು ಅಕ್ಷರವೂ ಸ್ಫುಟವಾಗಿ ಕೇಳಿಸುತ್ತಿತ್ತು. ರಾಮಕೃಷ್ಣಪ್ಪ ಅದನ್ನೇ ಮನಸ್ಸಿಟ್ಟು ಕೇಳುವವನಂತೆ ಮುಖ ಮಾಡಿಕೊಂಡಿದ್ದ.

ಶೂಲಗಿರಿ ದಾಟಿ ಊರು ಹತ್ತಿರವಾದ ಮೇಲೆ ಪಾರ್ವತಮ್ಮ ಕೈ ಚಾಚಿ ಗುಂಡಿ ಹಿಡಿದಳು. ಅಭ್ಯಾಸವಿಲ್ಲದ ಕೈ; ಮೊದಲು ಅಡ್ಡ ತಿರುಗಿಸಿದ್ದಕ್ಕೆ ಟೊಮ್ಯಾಟೊದವರು ಕಿರುಚಿಕೊಂಡರು. ಆಮೇಲೆ ಸರಿಯಾಗಿ ತಿರುಗಿಸಿದಳು. ಟಕ್ ಎಂದು ರೇಡಿಯೋ ಆರಿತು.

"ಯಾಕೆ? ಚೆನ್ನಾಗೇ ಬತ್ತಿತ್ತಲ್ಲ?" ಎಂದ ರಾಮಕೃಷ್ಣಪ್ಪ. ಆ ರೇಡಿಯೋಗಾಗಿ ಅವನು ತಿಂದ ಅವಮಾನ ಒಂದೆರಡಲ್ಲ.

"ನೀವು ರಸ್ತೆ ನೋಡ್ಕಂಡು ಓಡ್ಸಿ. ಈ ಕಡೆ ತಿರುಗಂಗಿಲ್ಲ," ಎಂದಳು.

ಕಿಟಕಿಯ ಕಡೆ ಮುಖ ಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಹಿಂದಿನ ಸಂಜೆಯ ಪದವನ್ನು ಮೊದಲಿಂದ ಎತ್ತಿಕೊಂಡಳು. ಮೊದಲ ಸಾಲಿನಲ್ಲಿ ದನಿ ನಡುಗಿತು. ಎರಡನೆಯ ಸಾಲಿಗೆ ಹದಕ್ಕೆ ಬಂತು. ರಾಮಕೃಷ್ಣಪ್ಪ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ, ತಿರುಗಲಿಲ್ಲ. ಕಾರು ಎತ್ತಿನ ಗಾಡಿಯ ವೇಗಕ್ಕೆ ಇಳಿದಿತ್ತು. ಹಿಂದಿನಿಂದ ಲಾರಿಗಳು ಹಾರನ್ ಹೊಡೆದು, ಡ್ರೈವರುಗಳು ತಮಿಳಿನಲ್ಲೂ ತೆಲುಗಿನಲ್ಲೂ ಬೈದು ಮುಂದೆ ಹೋದರು. ಪಾರ್ವತಮ್ಮ ನಿಲ್ಲಿಸಲಿಲ್ಲ.

ಸಾನಮಾವಿನ ತಿರುವು ಬಂದಾಗ ಹಾಡು ಇನ್ನೂ ಅರ್ಧಕ್ಕೂ ಬಂದಿರಲಿಲ್ಲ. ರಾಮಕೃಷ್ಣಪ್ಪ ಕಾರನ್ನು ತಿರುಗಿಸದೆ ನೇರವಾಗಿ ಹೊಸೂರಿನ ಕಡೆಗೆ ಓಡಿಸಿದ.